ಎಸ್‌ಎಸ್‌ಎಲ್ ಲೈಬ್ರರಿ ಸಿಗಲಿಲ್ಲ ಎಂದು ತಂತ್ರಾಂಶ ಹೇಳಿದಾಗ

ಮಂಗಳೂರಿನ ಬಂದರು ಪ್ರದೇಶದ ಅಡಿಕೆ ಮಂಡಿಯೊಂದರಿಂದ ಒಂದು ಸಂಜೆ ಕರೆ ಬಂತು. “ಮಾರಾಯ್ರೇ, ಬಿಲ್ಲು ಆಗ್ತದೆ, ಪ್ರಿಂಟೂ ಬರ್ತದೆ, ಇ-ವೇ ಬಿಲ್ ಮಾತ್ರ ಆಗುವುದಿಲ್ಲ. ಲಾರಿ ಲೋಡಾಗಿ ನಿಂತಿದೆ” ಎಂದು ಮಂಡಿಯ ರೈಟರು ಹೇಳಿದರು. ಸರಕಿನ ಜೊತೆ ಹೋಗಬೇಕಾದ ಜಿಎಸ್‌ಟಿಯ ಆನ್‌ಲೈನ್ ಸಾಗಣೆ ಪತ್ರವೇ ಇ-ವೇ ಬಿಲ್. ಎಸ್‌ಎಸ್‌ಎಲ್ ಲೈಬ್ರರಿಯನ್ನು (ಸರ್ವರಿನೊಂದಿಗಿನ ಮಾತನ್ನು ಗೂಢಲಿಪಿಗೆ ತಿರುಗಿಸುವ ಫೈಲುಗಳನ್ನು) ಲೋಡ್ ಮಾಡಲಾಗಲಿಲ್ಲ ಎಂಬ ಅರ್ಥದ ಒಂದು ಇಂಗ್ಲಿಷ್ ಸಾಲು ಪರದೆಯ ಮೇಲೆ ಬರುತ್ತಿತ್ತು. ನಾನು ಅಲ್ಲಿಗೆ ತಲುಪುವಷ್ಟರಲ್ಲಿ ಮಂಡಿಯ ಹುಡುಗನೊಬ್ಬ ಅಂತರ್ಜಾಲದಲ್ಲಿ ಹುಡುಕಿ, ಆ ಹೆಸರಿನ ಡಿಎಲ್‌ಎಲ್ ಫೈಲನ್ನು (ತಂತ್ರಾಂಶಗಳು ಕರೆದು ಬಳಸುವ ಕೋಡಿನ ಫೈಲನ್ನು) ಇಳಿಸಿಕೊಂಡು, ಒಂದು ಪ್ರತಿಯನ್ನು ವಿಂಡೋಸಿನ ಸಿಸ್ಟಮ್32 ಫೋಲ್ಡರಿಗೂ ಇನ್ನೊಂದನ್ನು ತಂತ್ರಾಂಶದ ಫೋಲ್ಡರಿಗೂ ಹಾಕಿ ಆಗಿತ್ತು. ಪರದೆಯ ಸಂದೇಶ ಎಳ್ಳಷ್ಟೂ ಬದಲಾಗಿರಲಿಲ್ಲ. ತಂತ್ರಾಂಶವು ಬರೆದಿಡುವ ಲಾಗ್ ಫೈಲಿನಲ್ಲಿದ್ದ ದೋಷಸಂಖ್ಯೆ ಮಾತ್ರ 126ರಿಂದ 193ಕ್ಕೆ ಬದಲಾಗಿತ್ತು.

ಆ ಎರಡು ಸಂಖ್ಯೆಗಳ ನಡುವಿನ ವ್ಯತ್ಯಾಸವನ್ನು ಓದಲು ಬಂದರೆ ಈ ದೋಷದ ಮುಕ್ಕಾಲು ಪಾಲನ್ನು ಬಿಡಿಸಿದಂತೆಯೇ. ‘ಸಿಗಲಿಲ್ಲ’ ಎಂಬ ಒಂದೇ ಮಾತನ್ನು ತಂತ್ರಾಂಶಗಳು ಹಲವು ಬೇರೆ ಬೇರೆ ಸಂದರ್ಭಗಳಿಗೆ ಬಳಸುತ್ತವೆ. ಫೈಲು ನಿಜವಾಗಿಯೂ ಇಲ್ಲದಿರಬಹುದು. ಇದ್ದರೂ ಬೇರೆ ಪೀಳಿಗೆಯದ್ದಾಗಿರಬಹುದು. 32-ಬಿಟ್ ತಂತ್ರಾಂಶದ ಮುಂದೆ 64-ಬಿಟ್ ಫೈಲು ಕುಳಿತಿರಬಹುದು; ಒಂದು ಬಗೆಯದು ಇನ್ನೊಂದನ್ನು ಲೋಡ್ ಮಾಡಲಾರದು. ಫೈಲು ಸರಿಯಾಗಿದ್ದು ಅದು ನೆಚ್ಚಿಕೊಂಡ ಇನ್ನೊಂದು ಫೈಲು ಇಲ್ಲದಿರಬಹುದು. ಅಥವಾ ಎಲ್ಲವೂ ಇದ್ದು ತಂತ್ರಾಂಶವು ಹುಡುಕುತ್ತಿರುವ ಜಾಗವೇ ಬೇರೆಯಾಗಿರಬಹುದು. ಆದ್ದರಿಂದ ಎಲ್ಲಿಂದಲೋ ಒಂದು ಫೈಲನ್ನು ತಂದು ಹಾಕುವ ಮೊದಲು, ತಂತ್ರಾಂಶವು ಯಾವ ಫೈಲನ್ನು ಯಾವ ಜಾಗದಲ್ಲಿ ಕೇಳಿತು, ಅದಕ್ಕೆ ವಿಂಡೋಸ್ ಏನು ಉತ್ತರ ಕೊಟ್ಟಿತು ಎಂಬುದನ್ನು ತಿಳಿದುಕೊಳ್ಳಬೇಕು. ಈ ಬರಹದಲ್ಲಿ ಬರುವ ಫೈಲುಗಳ ಮತ್ತು ಆದೇಶಗಳ ಹೆಸರುಗಳೆಲ್ಲ ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕಾಣಿಸುತ್ತವೆ ಎಂಬುದನ್ನು ಓದುವಾಗ ನೆನಪಿಟ್ಟುಕೊಂಡರೆ ಸಾಕು.

ಮೊದಲು ಲಾರಿಯನ್ನು ಕಳುಹಿಸಿ

ಸರಕಿನ ಮೌಲ್ಯ 50,000 ರೂಪಾಯಿ ದಾಟಿದರೆ ಇ-ವೇ ಬಿಲ್ ಇಲ್ಲದೆ ಲಾರಿ ಶಿರಾಡಿ ಘಾಟಿ ಹತ್ತುವಂತಿಲ್ಲ. ಆದರೆ ಅದನ್ನು ಲೆಕ್ಕಪತ್ರದ ತಂತ್ರಾಂಶದಿಂದಲೇ ಮಾಡಬೇಕೆಂಬ ನಿಯಮವೇನೂ ಇಲ್ಲ. ಬ್ರೌಸರಿನಲ್ಲಿ ಇ-ವೇ ಬಿಲ್ ಪೋರ್ಟಲನ್ನು ತೆರೆದು, ವಿವರಗಳನ್ನು ಕೈಯಿಂದಲೇ ತುಂಬಿ ಬಿಲ್ ಪಡೆದು, ಲಾರಿಯನ್ನು ಕಳುಹಿಸಿಬಿಡಿ. ಬಂದ ಸಂಖ್ಯೆಯನ್ನು ತಂತ್ರಾಂಶದ ಆ ಇನ್‌ವಾಯ್ಸಿನಲ್ಲಿ ಬರೆದಿಡಿ. ಇಲ್ಲದಿದ್ದರೆ ದೋಷ ಸರಿಯಾದ ಮೇಲೆ ತಂತ್ರಾಂಶವು ಅದೇ ಇನ್‌ವಾಯ್ಸನ್ನು ಮತ್ತೊಮ್ಮೆ ಕಳುಹಿಸಲು ಹೊರಡುತ್ತದೆ. ಡ್ರೈವರ್ ಬಾಗಿಲಲ್ಲಿ ನಿಂತು ಗಡಿಯಾರ ನೋಡುತ್ತಿರುವಾಗ ಡಿಎಲ್‌ಎಲ್ ಹುಡುಕಲು ಕೂತರೆ, ಸಿಕ್ಕಿದ ಫೈಲನ್ನು ಸಿಕ್ಕಿದಲ್ಲಿ ಹಾಕುವ ಆತುರ ಯಾರಿಗಾದರೂ ಬರುತ್ತದೆ.

ಇಲ್ಲೊಂದು ತಪ್ಪು ತೀರ್ಮಾನಕ್ಕೆ ಬರುವವರಿದ್ದಾರೆ. ಬ್ರೌಸರಿನಲ್ಲಿ ಪೋರ್ಟಲ್ ತೆರೆಯುತ್ತದೆ, ಆದ್ದರಿಂದ ಕಂಪ್ಯೂಟರಿನಲ್ಲಿ ಎನ್‌ಕ್ರಿಪ್ಷನ್ ವ್ಯವಸ್ಥೆ ಸರಿಯಾಗಿದೆ ಎಂದು ಅವರು ಹೇಳುತ್ತಾರೆ. ಬ್ರೌಸರ್ ತೆರೆಯುವುದರಿಂದ ಇಂಟರ್ನೆಟ್ ಸಂಪರ್ಕ ಇದೆ, ಪೋರ್ಟಲಿನ ಸರ್ವರ್ ಎದ್ದಿದೆ ಎಂಬ ಎರಡು ಸಂಗತಿಗಳಷ್ಟೇ ತಿಳಿಯುತ್ತವೆ. ಕ್ರೋಮ್ ತನ್ನೊಳಗೇ ಬೋರಿಂಗ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯನ್ನು ಇಟ್ಟುಕೊಂಡಿದೆ; ಫೈರ್‌ಫಾಕ್ಸ್ ಎನ್‌ಎಸ್‌ಎಸ್ ಎಂಬುದನ್ನು ಇಟ್ಟುಕೊಂಡಿದೆ. ವಿಂಡೋಸ್ 10ರಲ್ಲಿ 2018ರಿಂದ ಜೊತೆಗೇ ಬರುತ್ತಿರುವ ಕರ್ಲ್ ಎಂಬ ಆದೇಶವು ವಿಂಡೋಸಿನ ಸ್ವಂತ ಎಸ್‌ಚಾನೆಲ್ ವ್ಯವಸ್ಥೆಯನ್ನು ಬಳಸುತ್ತದೆ. ನಿಮ್ಮ ಲೆಕ್ಕಪತ್ರದ ತಂತ್ರಾಂಶವು ಇವು ಯಾವುವನ್ನೂ ಬಳಸದೆ ಓಪನ್‌ಎಸ್‌ಎಸ್‌ಎಲ್ ಎಂಬ ಪ್ರತ್ಯೇಕ ಲೈಬ್ರರಿಯನ್ನು ಕೇಳುತ್ತಿರಬಹುದು. ಒಂದೇ ಮನೆಯಲ್ಲಿ ನಾಲ್ಕು ಬಾವಿಗಳಿದ್ದಂತೆ ಇದು. ಒಂದರಲ್ಲಿ ನೀರಿದೆ ಎಂದು ಇನ್ನೊಂದರ ಬಗ್ಗೆ ಹೇಳಲಾಗದು.

ಬಿಲ್ಲು ಆಗುತ್ತದೆ, ಕಳುಹಿಸುವುದು ಆಗುವುದಿಲ್ಲ, ಏಕೆ?

ಕೆಲವು ಡಿಎಲ್‌ಎಲ್ ಫೈಲುಗಳನ್ನು ತಂತ್ರಾಂಶವು ತಾನು ತೆರೆಯುವಾಗಲೇ ಕೇಳುತ್ತದೆ; ಅವು ಇಲ್ಲದಿದ್ದರೆ ತಂತ್ರಾಂಶ ತೆರೆಯುವುದೇ ಇಲ್ಲ. ಇನ್ನು ಕೆಲವನ್ನು ಬೇಕಾದಾಗ ಮಾತ್ರ ಕೇಳುತ್ತದೆ. ಡೆಲ್ಫಿ ಎಂಬ ಪ್ರೋಗ್ರಾಮಿಂಗ್ ಉಪಕರಣದಲ್ಲಿ ಬರೆದು ಇಂಡಿ ಎಂಬ ಜಾಲಘಟಕವನ್ನು ಬಳಸುವ ತಂತ್ರಾಂಶಗಳು ಈ ಎರಡನೆಯ ದಾರಿಯವು. ನಮ್ಮ ಕಡೆಯ ಅಂಗಡಿಗಳಲ್ಲಿರುವ ಹಳೆಯ ಬಿಲ್ಲಿಂಗ್ ತಂತ್ರಾಂಶಗಳಲ್ಲಿ ಇಂಥವು ಹಲವು. ಮೊದಲ ಬಾರಿಗೆ ಎಚ್‌ಟಿಟಿಪಿಎಸ್ ವಿಳಾಸವೊಂದಕ್ಕೆ ಕೋರಿಕೆ ಕಳುಹಿಸುವ ಕ್ಷಣದಲ್ಲಷ್ಟೇ ಓಪನ್‌ಎಸ್‌ಎಸ್‌ಎಲ್‌ನ ಎರಡು ಫೈಲುಗಳನ್ನು ಅವು ಹುಡುಕುತ್ತವೆ. ಹಾಗಾಗಿ ಫೈಲು ತಿಂಗಳ ಹಿಂದೆಯೇ ಕಾಣೆಯಾಗಿದ್ದರೂ, 50,000 ರೂಪಾಯಿಗಿಂತ ಹೆಚ್ಚಿನ ಸರಕು ಹೊರಡುವ ದಿನದವರೆಗೆ ಯಾರಿಗೂ ಗೊತ್ತಾಗುವುದಿಲ್ಲ. “ನಿನ್ನೆವರೆಗೆ ಸರಿ ಇತ್ತು” ಎಂಬ ಮಾತನ್ನು ಈ ಕಾರಣಕ್ಕೆ ಸ್ವಲ್ಪ ಅನುಮಾನದಿಂದಲೇ ಕೇಳಬೇಕು; ಕೊನೆಯ ಇ-ವೇ ಬಿಲ್ ಎಂದು ಆಗಿತ್ತು ಎಂದು ಕೇಳುವುದು ಹೆಚ್ಚು ಉಪಯುಕ್ತ.

ಆ ಎರಡು ಫೈಲುಗಳಲ್ಲಿ ಒಂದು ಗೂಢಲಿಪಿಯ ಗಣಿತವನ್ನು ಮಾಡುತ್ತದೆ. ಇನ್ನೊಂದು ಸರ್ವರಿನೊಂದಿಗೆ ಟಿಎಲ್‌ಎಸ್ (ಎಸ್‌ಎಸ್‌ಎಲ್‌ನ ಈಗಿನ ರೂಪ) ಒಪ್ಪಂದವನ್ನು ನಡೆಸುತ್ತದೆ. ಎರಡನೆಯದು ಮೊದಲನೆಯದನ್ನು ನೆಚ್ಚಿಕೊಂಡಿರುವುದರಿಂದ ಎರಡೂ ಒಂದೇ ಕಟ್ಟಿನಿಂದ, ಅಂದರೆ ಮೂಲ ಕೋಡಿನಿಂದ ಒಟ್ಟಿಗೆ ತಯಾರಾದ ಒಂದೇ ಬಿಲ್ಡಿನಿಂದ, ಬಂದಿರಬೇಕು. ಒಂದನ್ನು ಹಳೆಯ ಕಂಪ್ಯೂಟರಿನಿಂದಲೂ ಇನ್ನೊಂದನ್ನು ಅಂತರ್ಜಾಲದಿಂದಲೂ ತಂದು ಜೋಡಿ ಮಾಡಿದರೆ ಅವು ಹೊಂದುವುದಿಲ್ಲ.

ಹೆಸರುಗಳ ಪೀಳಿಗೆ

ಈ ದೋಷದಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಹೆಸರುಗಳೇ. ಓಪನ್‌ಎಸ್‌ಎಸ್‌ಎಲ್ 1.0.2ರವರೆಗೆ ವಿಂಡೋಸಿನಲ್ಲಿ ಈ ಜೋಡಿಯ ಹೆಸರು ಲಿಬ್‌ಇಎವೈ32 ಮತ್ತು ಎಸ್‌ಎಸ್‌ಎಲ್‌ಇಎವೈ32 ಎಂದಿತ್ತು. ಕೊನೆಯ 32 ಎಂಬುದು ವಿನ್‌32 ಕಾಲದಿಂದ ಉಳಿದುಕೊಂಡ ಬಾಲ. 64-ಬಿಟ್ ಪ್ರತಿಯ ಹೆಸರೂ ಅದೇ ಆಗಿರುವುದರಿಂದ ಹೆಸರನ್ನು ನೋಡಿ ಯಾವ ಬಗೆಯದೆಂದು ತಿಳಿಯುವುದಿಲ್ಲ. ಮಂಡಿಯ ಹುಡುಗ ಎಡವಿದ್ದು ಇಲ್ಲಿಯೇ. 2016ರ ಆಗಸ್ಟಿನಲ್ಲಿ ಬಂದ 1.1.0 ಆವೃತ್ತಿಯಿಂದ ಹೆಸರುಗಳು ಲಿಬ್‌ಕ್ರಿಪ್ಟೊ ಮತ್ತು ಲಿಬ್‌ಎಸ್‌ಎಸ್‌ಎಲ್ ಎಂದಾದವು. ಅವುಗಳ ಮುಂದೆ 1_1 ಎಂದು ಆವೃತ್ತಿಯೂ, 64-ಬಿಟ್ ಆಗಿದ್ದರೆ ಎಕ್ಸ್64 ಎಂಬ ಗುರುತೂ ಸೇರಿತು. 2021ರ ಸೆಪ್ಟೆಂಬರಿನಲ್ಲಿ 3.0 ಬಂದ ಮೇಲೆ 1_1 ಇದ್ದ ಕಡೆ 3 ಬಂತು.

ಹೊಸ ಫೈಲಿಗೆ ಹಳೆಯ ಹೆಸರಿಟ್ಟರೆ ಆಗದೇ ಎಂದು ಎಲ್ಲರೂ ಒಮ್ಮೆಯಾದರೂ ಕೇಳುತ್ತಾರೆ. ಆಗುವುದಿಲ್ಲ. 1.1.0ರಲ್ಲಿ ಬದಲಾದದ್ದು ಹೆಸರಷ್ಟೇ ಅಲ್ಲ. ಹಳೆಯ ತಂತ್ರಾಂಶಗಳು ಹೆಸರು ಹಿಡಿದು ಕರೆಯುತ್ತಿದ್ದ ಹಲವು ಫಂಕ್ಷನ್‌ಗಳನ್ನು ತೆಗೆದುಹಾಕಲಾಯಿತು, ಒಳಗಿನ ರಚನೆಗಳನ್ನು ಹೊರಗಿನವರಿಗೆ ಕಾಣದಂತೆ ಮುಚ್ಚಲಾಯಿತು. ಹೆಸರು ಬದಲಿಸಿ ಇಟ್ಟ ಫೈಲು ಲೋಡ್ ಏನೋ ಆಗುತ್ತದೆ, ಆದರೆ ತಂತ್ರಾಂಶವು ಕೇಳುವ ಫಂಕ್ಷನ್ ಅದರೊಳಗೆ ಸಿಗದೆ ಅಲ್ಲೇ ನಿಲ್ಲುತ್ತದೆ. ಇಂಡಿಯ ಮಾಮೂಲಿ ಓಪನ್‌ಎಸ್‌ಎಸ್‌ಎಲ್ ಘಟಕಕ್ಕೆ ಬೇಕಾದದ್ದು 1.0.2 ಸರಣಿಯೇ, ಅದಕ್ಕೆ 3.0 ಕೊಟ್ಟು ಪ್ರಯೋಜನವಿಲ್ಲ. ಕ್ಯೂಟಿ ಎಂಬ ಇನ್ನೊಂದು ಪ್ರೋಗ್ರಾಮಿಂಗ್ ಸಲಕರಣೆಯಲ್ಲಿ ಬರೆದ ತಂತ್ರಾಂಶವಾದರೆ ಲೆಕ್ಕ ಬೇರೆ: 5.15 ಸರಣಿಯು 1.1.1ನ್ನು ಕೇಳುತ್ತದೆ, 6.5ರಿಂದ ಮುಂದಿನವು 3ನ್ನು ಕೇಳುತ್ತವೆ. ಕ್ಯೂಟಿ 6ರ ತಂತ್ರಾಂಶಗಳಲ್ಲಿ ಟಿಎಲ್‌ಎಸ್ ಎಂಬ ಹೆಸರಿನ ಒಂದು ಚಿಕ್ಕ ಫೋಲ್ಡರಿನಲ್ಲಿ ಪ್ಲಗಿನ್ ಫೈಲುಗಳಿರುತ್ತವೆ. ತಂತ್ರಾಂಶವನ್ನು ಬೇರೆ ಕಡೆಗೆ ಸಾಗಿಸುವಾಗ ಆ ಫೋಲ್ಡರನ್ನು ಬಿಟ್ಟುಬಂದರೆ ಓಪನ್‌ಎಸ್‌ಎಸ್‌ಎಲ್ ಫೈಲುಗಳು ಸರಿಯಾಗಿದ್ದರೂ ಟಿಎಲ್‌ಎಸ್ ಆರಂಭವಾಗಲಿಲ್ಲ ಎಂದೇ ಬರುತ್ತದೆ.

ಸಂಖ್ಯೆ ಏನು ಹೇಳುತ್ತದೆ

ಲಾಗ್ ಫೈಲಿನಲ್ಲಿ ಅಥವಾ ಸಂದೇಶದ ಪೆಟ್ಟಿಗೆಯಲ್ಲಿ ದೋಷಸಂಖ್ಯೆ ಇದ್ದರೆ ಅದನ್ನು ಮೊದಲು ಬರೆದುಕೊಳ್ಳಿ. 126 ಎಂದರೆ ಕೇಳಿದ ಮಾಡ್ಯೂಲ್ ಸಿಗಲಿಲ್ಲ. 127 ಎಂದರೆ ಮಾಡ್ಯೂಲ್ ಸಿಕ್ಕಿತು, ಅದರೊಳಗೆ ಕೇಳಿದ ಫಂಕ್ಷನ್ ಸಿಗಲಿಲ್ಲ. 193 ಎಂದರೆ ಫೈಲು ಸಿಕ್ಕಿತು, ಆದರೆ ಈ ತಂತ್ರಾಂಶ ಓಡಿಸಬಲ್ಲ ಬಗೆಯದ್ದಲ್ಲ. ತಂತ್ರಾಂಶ ತೆರೆಯುವಾಗಲೇ ಸೊನ್ನೆ-ಎಕ್ಸ್‌ನಿಂದ ಶುರುವಾಗಿ 7ಬಿಯಲ್ಲಿ ಮುಗಿಯುವ ಉದ್ದದ ಸಂಖ್ಯೆ ಬಂದರೆ ಅದೂ ಬಹುಪಾಲು 193ರ ಬಂಧುವೇ, ಅಂದರೆ 32 ಮತ್ತು 64ರ ಬೆರಕೆ.

ಇವುಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು 126. ಫೈಲು ಕಣ್ಣೆದುರಿಗೇ ಇರುತ್ತದೆ, ಹೆಸರಿನಲ್ಲಿ ಒಂದಕ್ಷರವೂ ತಪ್ಪಿಲ್ಲ, ಆದರೂ ಸಿಗಲಿಲ್ಲ ಎನ್ನುತ್ತದೆ. ಸಿಗದೆ ಹೋದದ್ದು ಆ ಫೈಲಲ್ಲ, ಆ ಫೈಲು ಒಳಗಿನಿಂದ ಕೇಳುವ ಮತ್ತೊಂದು ಫೈಲು. ಲಿಬ್‌ಎಸ್‌ಎಸ್‌ಎಲ್ ಇದ್ದು ಲಿಬ್‌ಕ್ರಿಪ್ಟೊ ಇಲ್ಲದಿದ್ದರೆ ದೂರು ಬರುವುದು ಲಿಬ್‌ಎಸ್‌ಎಸ್‌ಎಲ್ ಹೆಸರಿನಲ್ಲಿ. ಎರಡೂ ಇದ್ದರೆ ಮೈಕ್ರೋಸಾಫ್ಟಿನ ವಿಷುವಲ್ ಸಿ++ ರನ್‌ಟೈಮ್ (ಇಂಥ ಫೈಲುಗಳು ಓಡಲು ಬೇಕಾದ ಪೋಷಕ ಫೈಲುಗಳು) ಇದೆಯೇ ಎಂದು ನೋಡಬೇಕು. ಹೊಸದಾಗಿ ವಿಂಡೋಸ್ ಹಾಕಿದ ಕಂಪ್ಯೂಟರುಗಳಲ್ಲಿ ಅದು ಇಲ್ಲದಿರುವುದು ಸಾಮಾನ್ಯ. ಇತ್ತೀಚಿನ ಓಪನ್‌ಎಸ್‌ಎಸ್‌ಎಲ್ ಕಟ್ಟುಗಳು ಹೆಚ್ಚಾಗಿ ವಿಸಿರನ್‌ಟೈಮ್140 ಎಂಬ ಫೈಲನ್ನು ಕೇಳುತ್ತವೆ. ರನ್‌ಟೈಮನ್ನು ಮೈಕ್ರೋಸಾಫ್ಟಿನ ಸ್ವಂತ ತಾಣದಿಂದಲೇ ಪಡೆಯಿರಿ. 32-ಬಿಟ್ ತಂತ್ರಾಂಶಕ್ಕೆ 32-ಬಿಟ್ ರನ್‌ಟೈಮೇ ಬೇಕು. ಕಂಪ್ಯೂಟರ್ 64-ಬಿಟ್ ಎಂದ ಮಾತ್ರಕ್ಕೆ 64-ಬಿಟ್ಟಿನದನ್ನಷ್ಟೇ ಹಾಕಿದರೆ ಸಾಲದು.

ತಂತ್ರಾಂಶ ಯಾವ ಬಗೆಯದೆಂದು ತಿಳಿಯಲು ಅದನ್ನು ತೆರೆದಿಟ್ಟು, ಟಾಸ್ಕ್ ಮ್ಯಾನೇಜರಿನ ಡೀಟೇಲ್ಸ್ ಪುಟಕ್ಕೆ ಹೋಗಿ, ಅಂಕಣಗಳ ತಲೆಯ ಮೇಲೆ ಬಲ ಗುಂಡಿ ಒತ್ತಿ ಪ್ಲಾಟ್‌ಫಾರ್ಮ್ ಎಂಬ ಅಂಕಣವನ್ನು ಸೇರಿಸಿ. ಪ್ರತಿ ತಂತ್ರಾಂಶದ ಮುಂದೆ 32 ಅಥವಾ 64 ಎಂದು ಕಾಣುತ್ತದೆ.

ದೋಷಸಂಖ್ಯೆಯೇ ಸಿಗದಿದ್ದರೆ, ಅಥವಾ ಯಾವ ಫೈಲೆಂದು ತಿಳಿಯದಿದ್ದರೆ, ಪ್ರೊಸೆಸ್ ಮಾನಿಟರ್ ಎಂಬ ಉಪಕರಣವಿದೆ. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಸಂಗ್ರಹದಲ್ಲಿ ಉಚಿತವಾಗಿ ಸಿಗುತ್ತದೆ, ಇನ್‌ಸ್ಟಾಲ್ ಮಾಡುವ ಅಗತ್ಯವಿಲ್ಲ. ತೆರೆದ ಕೂಡಲೇ ಸಾಲುಗಳು ಆಟಿಯ ಮಳೆಯಂತೆ ಸುರಿಯತೊಡಗುತ್ತವೆ; ಗಾಬರಿಯಾಗಬೇಕಾಗಿಲ್ಲ. ಪ್ರೊಸೆಸ್ ಹೆಸರು ನಿಮ್ಮ ತಂತ್ರಾಂಶದ್ದಾಗಿರಬೇಕು, ದಾರಿಯು ಡಿಎಲ್‌ಎಲ್ ಎಂದು ಮುಗಿಯಬೇಕು ಎಂದು ಎರಡು ಫಿಲ್ಟರುಗಳನ್ನು ಹಾಕಿ, ಪರದೆಯ ಮೇಲಿರುವ ಸಾಲುಗಳನ್ನು ಅಳಿಸಿ, ತಂತ್ರಾಂಶದಲ್ಲಿ ಒಮ್ಮೆ ಇ-ವೇ ಬಿಲ್ ಗುಂಡಿಯನ್ನು ಒತ್ತಿ, ದೋಷ ಬಂದ ಕೂಡಲೇ ದಾಖಲೆ ನಿಲ್ಲಿಸಿ. ಈಗ ತಂತ್ರಾಂಶವು ಯಾವ ಯಾವ ಫೋಲ್ಡರಿನಲ್ಲಿ ಯಾವ ಹೆಸರನ್ನು ಕೇಳಿತು, ಎಲ್ಲಿ ಇಲ್ಲವೆಂಬ ಉತ್ತರ ಬಂತು, ಎಲ್ಲಿ ಸಿಕ್ಕಿತು ಎಂಬುದು ಸಾಲುಸಾಲಾಗಿ ಕಾಣುತ್ತದೆ. ಇಲ್ಲವೆಂಬ ಸಾಲುಗಳಷ್ಟನ್ನೇ ನೋಡಬೇಡಿ. ಕೊನೆಯಲ್ಲಿ ಸಿಕ್ಕಿತು ಎಂದಿರುವ ಸಾಲಿನ ಜಾಗವನ್ನು ಇನ್ನೂ ಗಮನವಿಟ್ಟು ನೋಡಿ. ಎಂದೋ ಹಾಕಿದ ಬೇರಾವುದೋ ತಂತ್ರಾಂಶದ ಫೋಲ್ಡರಿನಲ್ಲಿ, ಎಷ್ಟೋ ಹಳೆಯ ಲಿಬ್‌ಇಎವೈ32 ಸಿಕ್ಕಿ, ಅದನ್ನೇ ತೆಗೆದುಕೊಂಡು ಮುಂದೆ ಹೋಗಿ ಮುಗ್ಗರಿಸಿರುವುದು ಅಪರೂಪವಲ್ಲ.

ವಿಂಡೋಸ್ ಹುಡುಕುವ ಕ್ರಮವೂ ಇದರಿಂದ ಸ್ಪಷ್ಟವಾಗುತ್ತದೆ. ಸಾಮಾನ್ಯವಾಗಿ ಮೊದಲು ತಂತ್ರಾಂಶದ ಸ್ವಂತ ಫೋಲ್ಡರ್, ಅನಂತರ ವಿಂಡೋಸಿನ ಸಿಸ್ಟಮ್ ಫೋಲ್ಡರ್, ವಿಂಡೋಸ್ ಫೋಲ್ಡರ್, ಆ ಹೊತ್ತಿಗೆ ಕೆಲಸ ನಡೆಯುತ್ತಿರುವ ಫೋಲ್ಡರ್, ಕೊನೆಗೆ ಪಾಥ್ ಪಟ್ಟಿಯಲ್ಲಿರುವ ಫೋಲ್ಡರುಗಳು. ಇಲ್ಲಿ ಸಿಸ್ಟಮ್ ಫೋಲ್ಡರಿನ ಸಂಗತಿ ವಿಚಿತ್ರವಾಗಿದೆ. 64-ಬಿಟ್ ವಿಂಡೋಸಿನಲ್ಲಿ ಸಿಸ್ಟಮ್32 ಎಂಬ ಫೋಲ್ಡರಿನಲ್ಲಿರುವುದು 64-ಬಿಟ್ ಫೈಲುಗಳು; 32-ಬಿಟ್ ಫೈಲುಗಳಿರುವುದು ಸಿಸ್‌ವಾವ್64 ಎಂಬ ಫೋಲ್ಡರಿನಲ್ಲಿ. 32-ಬಿಟ್ ತಂತ್ರಾಂಶವು ಸಿಸ್ಟಮ್32 ಎಂದು ಕೇಳಿದರೆ ವಿಂಡೋಸ್ ಅದನ್ನು ಸದ್ದಿಲ್ಲದೆ ಸಿಸ್‌ವಾವ್64ಕ್ಕೆ ತಿರುಗಿಸುತ್ತದೆ. ಆದ್ದರಿಂದ ಹುಡುಗ ಸಿಸ್ಟಮ್32ಕ್ಕೆ ಹಾಕಿದ್ದ ಪ್ರತಿಯನ್ನು ಮಂಡಿಯ 32-ಬಿಟ್ ತಂತ್ರಾಂಶ ನೋಡಲೇ ಇಲ್ಲ; ತನ್ನ ಫೋಲ್ಡರಿನಲ್ಲಿ ಹೊಸದಾಗಿ ಬಂದ 64-ಬಿಟ್ ಪ್ರತಿಯನ್ನು ಮಾತ್ರ ನೋಡಿ 193 ಎಂದು ಬರೆಯಿತು.

ಸರಿಯಾದ ಜೋಡಿಯನ್ನು ಹಾಕುವುದು

ಬೇಕಾದ ಆವೃತ್ತಿ ಯಾವುದೆಂದು ತಿಳಿದ ಮೇಲೆ ಮೊದಲು ಕೇಳಬೇಕಾದದ್ದು ತಂತ್ರಾಂಶ ಮಾಡಿಕೊಟ್ಟವರನ್ನು. ಅವರ ಇನ್‌ಸ್ಟಾಲರಿನಲ್ಲಿ ಈ ಜೋಡಿ ಇರಲೇಬೇಕಿತ್ತು; ಹಲವು ಬಾರಿ ಇನ್‌ಸ್ಟಾಲರನ್ನು ಮತ್ತೊಮ್ಮೆ ಓಡಿಸಿದರೆ ಸಾಕಾಗುತ್ತದೆ. ಡೇಟಾ ಫೋಲ್ಡರಿನ ಬ್ಯಾಕಪ್ ತೆಗೆದುಕೊಂಡೇ ಇದನ್ನು ಮಾಡಿ. ಮರುಸ್ಥಾಪನೆಯ ಬೆನ್ನಿಗೇ ಫೈಲು ಮತ್ತೆ ಮಾಯವಾದರೆ ವಿಂಡೋಸ್ ಸೆಕ್ಯುರಿಟಿಯ ಪ್ರೊಟೆಕ್ಷನ್ ಹಿಸ್ಟರಿಯಲ್ಲಿ, ಅಥವಾ ನೀವು ಬಳಸುವ ಆ್ಯಂಟಿವೈರಸ್‌ನ ಕ್ವಾರಂಟೈನ್ ಪಟ್ಟಿಯಲ್ಲಿ ಅದರ ಹೆಸರಿದೆಯೇ ಎಂದು ನೋಡಿ.

ಓಪನ್‌ಎಸ್‌ಎಸ್‌ಎಲ್ ಯೋಜನೆಯು ತನ್ನ ಮೂಲ ಕೋಡನ್ನು ಪ್ರಕಟಿಸುತ್ತದೆಯೇ ಹೊರತು ವಿಂಡೋಸಿಗೆ ಸಿದ್ಧವಾದ ಡಿಎಲ್‌ಎಲ್ ಫೈಲುಗಳನ್ನು ಹಂಚುತ್ತಾ ಬಂದಿಲ್ಲ. ಆ ಕೆಲಸವನ್ನು ಬೇರೆಯವರು ಮಾಡುತ್ತಾರೆ. ಹಾಗಾಗಿ ಯಾರು ಕಟ್ಟಿದ್ದು ಎಂಬ ಪ್ರಶ್ನೆಗೆ ಇಲ್ಲಿ ತೂಕವಿದೆ. ಹೆಸರು ಹುಡುಕಿದರೆ ಬಿಡಿ ಡಿಎಲ್‌ಎಲ್ ಕೊಡುವ ತಾಣಗಳಿಂದ ಈ ಫೈಲುಗಳನ್ನು ಎಂದೂ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಿಮ್ಮ ಜಿಎಸ್‌ಟಿ ಪಾಸ್‌ವರ್ಡು ಗೂಢಲಿಪಿಯಾಗುವ ಮೊದಲು ಹಾದುಹೋಗುವುದೇ ಈ ಫೈಲಿನ ಮೂಲಕ. ಅದನ್ನು ತಿದ್ದಿದವನಿಗೆ ಬೀಗ ಒಡೆಯುವ ಅಗತ್ಯವೇ ಇರುವುದಿಲ್ಲ, ಬೀಗದ ಕೈ ಮಾಡಿಕೊಟ್ಟವನೇ ಅವನಾಗಿರುತ್ತಾನೆ. ತಿದ್ದದಿದ್ದರೂ ಎಷ್ಟು ಹಳೆಯದು ಸಿಗುತ್ತದೆಂದು ಹೇಳಲಾಗದು. 2014ರ ಏಪ್ರಿಲಿನಲ್ಲಿ ಬಯಲಾದ ಹಾರ್ಟ್‌ಬ್ಲೀಡ್ ದೋಷವಿದ್ದದ್ದು 1.0.1ರಿಂದ 1.0.1ಎಫ್‌ವರೆಗಿನ ಆವೃತ್ತಿಗಳಲ್ಲಿ, ಆ ದೋಷವು ಸರ್ವರುಗಳನ್ನು ಮಾತ್ರವಲ್ಲ, ಇಂಥ ಡೆಸ್ಕ್‌ಟಾಪ್ ತಂತ್ರಾಂಶಗಳನ್ನೂ ತಟ್ಟುವಂಥದ್ದು.

ಫೈಲು ಕೈಗೆ ಬಂದ ಮೇಲೆ ಅದರ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಪುಟವನ್ನು ತೆರೆದು ಆವೃತ್ತಿಯನ್ನು ಓದಿ. 1.0.2 ಸರಣಿಯಲ್ಲಿ ಸಾರ್ವಜನಿಕರಿಗೆ ಸಿಕ್ಕಿದ ಕೊನೆಯದು 1.0.2ಯು, 2019ರ ಡಿಸೆಂಬರಿನದ್ದು. ಕಟ್ಟಿದವರು ಎಸ್‌ಎಚ್‌ಎ-256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಸಂಖ್ಯೆಯನ್ನು) ಪ್ರಕಟಿಸಿದ್ದರೆ, ವಿಂಡೋಸಿನಲ್ಲೇ ಇರುವ ಸರ್ಟ್‌ಯುಟಿಲ್ ಎಂಬ ಆದೇಶದ ಹ್ಯಾಶ್‌ಫೈಲ್ ಆಯ್ಕೆಯಿಂದ ನಿಮ್ಮ ಪ್ರತಿಯ ಮೊತ್ತವನ್ನು ತೆಗೆದು ಹೋಲಿಸಿ ನೋಡಿ. ಅನಂತರ ಎರಡೂ ಫೈಲುಗಳನ್ನು ತಂತ್ರಾಂಶದ ಮುಖ್ಯ ಫೈಲು ಇರುವ ಫೋಲ್ಡರಿನಲ್ಲೇ, ಅದರ ಪಕ್ಕದಲ್ಲೇ ಇಡಿ. ಸಿಸ್ಟಮ್32ರಲ್ಲಾಗಲಿ ಸಿಸ್‌ವಾವ್64ರಲ್ಲಾಗಲಿ ಇಡಬೇಡಿ: ಅಲ್ಲಿಟ್ಟರೆ ಇತರ ತಂತ್ರಾಂಶಗಳಿಗೂ ಅದು ಸಿಗುತ್ತದೆ, ಅವುಗಳನ್ನು ಕೆಡಿಸುತ್ತದೆ, ಮತ್ತು ಕಂಪ್ಯೂಟರ್ ಬದಲಿಸುವ ದಿನ ಎಲ್ಲರೂ ಅದನ್ನು ಮರೆಯುತ್ತಾರೆ. ರೆಗ್‌ಎಸ್‌ವಿಆರ್32 ಎಂಬ ಆದೇಶದಿಂದ ಫೈಲನ್ನು ನೋಂದಾಯಿಸಬೇಕು ಎಂಬ ಸಲಹೆಯೂ ಓಡಾಡುತ್ತಿದೆ. ಆ ಆದೇಶ ಇರುವುದು ಕಾಮ್ ಬಗೆಯ ಘಟಕಗಳಿಗೆ. ಓಪನ್‌ಎಸ್‌ಎಸ್‌ಎಲ್ ಫೈಲುಗಳಲ್ಲಿ ನೋಂದಣಿಯ ಪ್ರವೇಶದ್ವಾರವೇ ಇಲ್ಲ, ಆದ್ದರಿಂದ ಅದು ಪ್ರತಿ ಬಾರಿಯೂ ವಿಫಲವಾಗುತ್ತದೆ, ಆ ವೈಫಲ್ಯವನ್ನು ನೋಡಿ ಫೈಲೇ ಕೆಟ್ಟಿದೆ ಎಂದುಕೊಂಡು ಜನ ಇನ್ನೊಂದನ್ನು ಹುಡುಕಲು ಹೊರಡುತ್ತಾರೆ.

ಒಂದು ಕಂಪ್ಯೂಟರಿನಲ್ಲಿ ತಂತ್ರಾಂಶವಿದ್ದು ಉಳಿದ ಎರಡು ಮೂರು ಕಂಪ್ಯೂಟರುಗಳು ಹಂಚಿಕೊಂಡ ಫೋಲ್ಡರಿನಿಂದ ಅದನ್ನು ತೆರೆಯುವ ವ್ಯವಸ್ಥೆ ನಿಮ್ಮಲ್ಲಿದ್ದರೆ, ಜೋಡಿ ಇರಬೇಕಾದದ್ದು ಆ ಹಂಚಿಕೊಂಡ ಫೋಲ್ಡರಿನಲ್ಲಿ. ರನ್‌ಟೈಮ್ ಮಾತ್ರ ಪ್ರತಿ ಕಂಪ್ಯೂಟರಿನಲ್ಲೂ ಬೇರೆಯಾಗಿ ಇರಬೇಕು. ಒಂದು ಮೇಜಿನಲ್ಲಿ ಆಗುತ್ತದೆ, ಪಕ್ಕದ ಮೇಜಿನಲ್ಲಿ ಆಗುವುದಿಲ್ಲ ಎಂಬ ದೂರಿಗೆ ಕಾರಣ ಹೆಚ್ಚಾಗಿ ಇದೇ.

ಲೈಬ್ರರಿ ಸಿಕ್ಕಿದ ಮೇಲೂ ಕೋರಿಕೆ ಹೋಗದಿದ್ದರೆ

ಸಂದೇಶ ಬದಲಾಗಿದ್ದರೆ ಅದು ಒಳ್ಳೆಯ ಲಕ್ಷಣವೇ. ನೀವೀಗ ಬೇರೊಂದು ದೋಷದ ಮುಂದಿದ್ದೀರಿ. ಒಪ್ಪಂದ ವಿಫಲವಾಯಿತು, ಅಥವಾ ಪ್ರೊಟೋಕಾಲ್ ಆವೃತ್ತಿ ಹೊಂದಲಿಲ್ಲ ಎಂದಿದ್ದರೆ ಟಿಎಲ್‌ಎಸ್ ಆವೃತ್ತಿಯನ್ನು ನೋಡಬೇಕು. 1999ರ ಟಿಎಲ್‌ಎಸ್ 1.0 ಮತ್ತು 2006ರ 1.1 ಎರಡನ್ನೂ 2021ರಲ್ಲಿ ಅಧಿಕೃತವಾಗಿ ನಿವೃತ್ತಿಗೊಳಿಸಲಾಗಿದೆ. ಈಗಿನ ಸರ್ವರುಗಳು ಸಾಮಾನ್ಯವಾಗಿ 2008ರ 1.2ನ್ನಾಗಲಿ 2018ರ 1.3ನ್ನಾಗಲಿ ಕೇಳುತ್ತವೆ. ಓಪನ್‌ಎಸ್‌ಎಸ್‌ಎಲ್ 1.0.2ಕ್ಕೆ ಟಿಎಲ್‌ಎಸ್ 1.2 ಬರುತ್ತದೆ, ಟಿಎಲ್‌ಎಸ್ 1.3 ಬರುವುದಿಲ್ಲ. ಲೈಬ್ರರಿಗೆ ಬಂದರೂ ತಂತ್ರಾಂಶದ ಸೆಟ್ಟಿಂಗಿನಲ್ಲಿ ಹಳೆಯ ಆವೃತ್ತಿಯನ್ನೇ ಗಟ್ಟಿಯಾಗಿ ಕಟ್ಟಿಹಾಕಿದ್ದರೆ ಅದು ಕೇಳುವುದೂ ಹಳೆಯದನ್ನೇ. ವಿಂಡೋಸ್ 7ರ ಮೇಲೆ ಇನ್ನೂ ಓಡುತ್ತಿರುವ ಕಂಪ್ಯೂಟರುಗಳಲ್ಲಿ ವಿಂಡೋಸಿನ ಸ್ವಂತ ವ್ಯವಸ್ಥೆಯನ್ನು ಬಳಸುವ ತಂತ್ರಾಂಶಗಳಿಗೆ ಕೆಬಿ3140245 ಎಂಬ ಅಪ್‌ಡೇಟ್ ಮತ್ತು ಅದರ ಜೊತೆಗಿನ ರಿಜಿಸ್ಟ್ರಿ ಬದಲಾವಣೆ ಬೇಕಾಗುತ್ತದೆ. ಇದಕ್ಕೂ ಓಪನ್‌ಎಸ್‌ಎಸ್‌ಎಲ್ ಫೈಲುಗಳಿಗೂ ಸಂಬಂಧವಿಲ್ಲ.

ಪ್ರಮಾಣಪತ್ರದ ಬಗ್ಗೆ ದೂರಿದ್ದರೆ ಮೊದಲು ಗಡಿಯಾರವನ್ನು ನೋಡಿ. ಮಳೆಗಾಲದಲ್ಲಿ ಕರೆಂಟು ಹೋಗಿ ಬಂದು ಮಾಡುವ ನಮ್ಮ ಊರುಗಳಲ್ಲಿ, ಮದರ್‌ಬೋರ್ಡಿನ ಸಿಆರ್2032 ಬಿಲ್ಲೆ ಬ್ಯಾಟರಿ ಸೋತ ಕಂಪ್ಯೂಟರು ಪ್ರತಿ ಬೆಳಿಗ್ಗೆ ಯಾವುದೋ ಹಿಂದಿನ ವರ್ಷಕ್ಕೆ ಏಳುತ್ತದೆ. ಆ ವರ್ಷದಲ್ಲಿ ನಿಂತು ನೋಡಿದರೆ ಸರ್ವರಿನ ಪ್ರಮಾಣಪತ್ರ ಇನ್ನೂ ಹುಟ್ಟಿಯೇ ಇರುವುದಿಲ್ಲ. ಗಡಿಯಾರ ಸರಿಯಿದ್ದರೆ ತಂತ್ರಾಂಶದ ಜೊತೆ ಬಂದ ಮೂಲ ಪ್ರಮಾಣಪತ್ರಗಳ ಕಟ್ಟು, ಅಂದರೆ ಪಿಇಎಂ ಎಂದು ಮುಗಿಯುವ ಫೈಲು, ಎಷ್ಟು ಹಳೆಯದು ಎಂದು ನೋಡಿ. 2021ರ ಸೆಪ್ಟೆಂಬರ್ 30ರಂದು ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ ಪ್ರಮಾಣಪತ್ರಗಳು ನೆಚ್ಚಿಕೊಂಡಿದ್ದ ಒಂದು ಹಳೆಯ ಮೂಲದ ಅವಧಿ ಮುಗಿದಾಗ, ಓಪನ್‌ಎಸ್‌ಎಸ್‌ಎಲ್ 1.0.2 ಬಳಸುವ ತಂತ್ರಾಂಶಗಳು ಜಗತ್ತಿನ ಹಲವೆಡೆ ಒಮ್ಮೆಲೇ ನಿಂತಿದ್ದವು. ಆ ಕಟ್ಟನ್ನು ಹೊಸದಕ್ಕೆ ಬದಲಿಸುವುದು ಪರಿಹಾರ. ಪ್ರಮಾಣಪತ್ರದ ಪರಿಶೀಲನೆಯನ್ನೇ ಆರಿಸಿಬಿಡುವ ಆಯ್ಕೆ ಕೆಲವು ತಂತ್ರಾಂಶಗಳಲ್ಲಿ ಸುಲಭವಾಗಿ ಕೈಗೆ ಸಿಗುವಂತಿರುತ್ತದೆ, ಅದನ್ನು ಮುಟ್ಟಬೇಡಿ. ಮಾತು ಗೂಢಲಿಪಿಯಲ್ಲೇ ಹೋಗುತ್ತದೆ, ಆದರೆ ಯಾರಿಗೆ ಹೋಗುತ್ತಿದೆ ಎಂದು ಕೇಳುವವರೇ ಇರುವುದಿಲ್ಲ.

ಲಿನಕ್ಸ್ ಮತ್ತು ಪೈಥಾನ್ ಬಳಸುವವರಿಗೆ

ಸುರತ್ಕಲ್, ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇದೇ ದೋಷವನ್ನು ಬೇರೆ ವೇಷದಲ್ಲಿ ಕಾಣುತ್ತಾರೆ. ಉಬುಂಟು 22.04ರಿಂದ ಅದರ ಜೊತೆ ಬರುವುದು ಓಪನ್‌ಎಸ್‌ಎಸ್‌ಎಲ್ 3 ಮಾತ್ರ, 1.1ಕ್ಕೆ ಕಟ್ಟಿದ ತಂತ್ರಾಂಶವು ಅಲ್ಲಿ ತೆರೆಯುವುದಿಲ್ಲ. ಎಲ್‌ಡಿಡಿ ಎಂಬ ಆದೇಶಕ್ಕೆ ತಂತ್ರಾಂಶದ ಹೆಸರನ್ನು ಕೊಟ್ಟರೆ ಯಾವ ಲೈಬ್ರರಿ ಸಿಗಲಿಲ್ಲವೆಂದು ಅದು ತೋರಿಸುತ್ತದೆ. 3ರ ಫೈಲಿಗೆ 1.1 ಎಂಬ ಹೆಸರಿನ ಕೊಂಡಿ ಹಾಕುವ ಉಪಾಯ ಇಲ್ಲೂ ನಡೆಯುವುದಿಲ್ಲ. ತಂತ್ರಾಂಶದ ಹೊಸ ಕಟ್ಟನ್ನು ಹುಡುಕುವುದೇ ಸರಿಯಾದ ದಾರಿ.

ಪೈಥಾನಿನಲ್ಲಿ ಎಸ್‌ಎಸ್‌ಎಲ್ ಮಾಡ್ಯೂಲ್ ಲಭ್ಯವಿಲ್ಲ ಎಂದು ಪ್ಯಾಕೇಜುಗಳನ್ನು ಇಳಿಸುವ ಪಿಪ್ ಆದೇಶ ಹೇಳಿದರೆ, ವಿಂಡೋಸಿನಲ್ಲಿ ಅನಕೊಂಡಾ ಬಳಸುವವರು ಅದರ ಪರಿಸರವನ್ನು ಆ್ಯಕ್ಟಿವೇಟ್ ಮಾಡದೆ ನೇರವಾಗಿ ಪೈಥಾನನ್ನು ಕರೆದಿದ್ದಾರೆಯೇ ಎಂದು ನೋಡಬೇಕು. ಆ್ಯಕ್ಟಿವೇಟ್ ಮಾಡಿದಾಗಲೇ ಲೈಬ್ರರಿ ಇರುವ ಫೋಲ್ಡರ್ ಪಾಥ್ ಪಟ್ಟಿಗೆ ಸೇರುವುದು. ಲಿನಕ್ಸಿನಲ್ಲಿ ಪೈಥಾನನ್ನು ತಾವೇ ಮೂಲ ಕೋಡಿನಿಂದ ಕಟ್ಟಿಕೊಂಡವರು ಓಪನ್‌ಎಸ್‌ಎಸ್‌ಎಲ್‌ನ ಡೆವಲಪ್‌ಮೆಂಟ್ ಪ್ಯಾಕೇಜನ್ನು ಮೊದಲು ಹಾಕಿ ಮತ್ತೆ ಕಟ್ಟಬೇಕು. 3.10ರಿಂದ ಪೈಥಾನಿಗೆ ಕನಿಷ್ಠ 1.1.1 ಬೇಕು.

ಮಂಡಿಯಲ್ಲಿ ಆದದ್ದು

ಮಂಡಿಯ ಹಳೆಯ ಕಂಪ್ಯೂಟರು ಮೇ ತಿಂಗಳ ಸಿಡಿಲಿಗೆ ಸುಟ್ಟುಹೋಗಿತ್ತು. ಹಾರ್ಡ್ ಡಿಸ್ಕ್ ಮಾತ್ರ ಉಳಿದದ್ದರಿಂದ, ಹೊಸ ಕಂಪ್ಯೂಟರ್ ತಂದವರು ತಂತ್ರಾಂಶದ ಫೋಲ್ಡರನ್ನು ಹಾಗೆಯೇ ಎತ್ತಿ ಹೊಸದರಲ್ಲಿ ಇಟ್ಟಿದ್ದರು. ಓಪನ್‌ಎಸ್‌ಎಸ್‌ಎಲ್ ಜೋಡಿ ಆ ಫೋಲ್ಡರಿನಲ್ಲಿರಲಿಲ್ಲ. ಹಳೆಯ ಡಿಸ್ಕಿನ ಸಿಸ್‌ವಾವ್64ರಲ್ಲಿ ಇತ್ತು, ಅಲ್ಲೇ ಉಳಿದಿತ್ತು. ನಾವು ಅಲ್ಲಿಂದ ಫೈಲನ್ನು ತರಲಿಲ್ಲ, ಆವೃತ್ತಿಯನ್ನು ಮಾತ್ರ ಓದಿಕೊಂಡೆವು. 1.0.2 ಸರಣಿಯ 32-ಬಿಟ್ ಎಂದು ಖಚಿತವಾದ ಮೇಲೆ ತಂತ್ರಾಂಶದವರಿಗೆ ಫೈಲಿನ ಹೆಸರು, ಬಗೆ, ಆವೃತ್ತಿ, ದೋಷಸಂಖ್ಯೆ ಈ ನಾಲ್ಕನ್ನು ಬರೆದು ಕಳುಹಿಸಿದೆವು, ಅವರು 1.0.2ಯು ಜೋಡಿಯನ್ನು ಅರ್ಧ ಗಂಟೆಯಲ್ಲಿ ಕಳುಹಿಸಿಕೊಟ್ಟರು. ಆ ಸರಣಿಗೆ 2019ರ ಕೊನೆಗೇ ಸಾರ್ವಜನಿಕ ಬೆಂಬಲ ನಿಂತಿರುವುದರಿಂದ, ಹೊಸ ಲೈಬ್ರರಿಗೆ ಹೊಂದುವ ಕಟ್ಟು ಯಾವಾಗ ಸಿಗುತ್ತದೆಂದು ಅದೇ ಪತ್ರದಲ್ಲಿ ಕೇಳಿದೆವು. ಮಲ್ಪೆಯ ಮೀನು ವ್ಯಾಪಾರದವರಾದರೆ ಇಂಥ ಬದಲಾವಣೆಗಳಿಗೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ರಜೆಯನ್ನು ಇಟ್ಟುಕೊಳ್ಳುತ್ತಾರೆ. ಅಡಿಕೆಯವರಿಗೆ ಅಂಥ ಬಿಡುವಿಲ್ಲ, ಆದ್ದರಿಂದ ಒಂದು ಭಾನುವಾರವನ್ನು ಗೊತ್ತುಮಾಡಿಕೊಳ್ಳಬೇಕಾಯಿತು.

ಜೋಡಿಯನ್ನು ಇಟ್ಟು ಇ-ವೇ ಬಿಲ್ ಆದ ಮೇಲೂ ಒಂದು ಕೆಲಸ ಉಳಿದಿತ್ತು. ಕಮಾಂಡ್ ಪ್ರಾಂಪ್ಟಿನಲ್ಲಿ ವೇರ್ ಎಂಬ ಆದೇಶಕ್ಕೆ ಆರ್ ಎಂಬ ಆಯ್ಕೆಯನ್ನೂ ಸಿ ಡ್ರೈವನ್ನೂ ಕೊಟ್ಟು ಲಿಬ್‌ಇಎವೈ32 ಎಲ್ಲೆಲ್ಲಿದೆ ಎಂದು ಹುಡುಕಿದಾಗ ಮೂರು ಪ್ರತಿಗಳು ಕಂಡವು: ಈಗ ಇಟ್ಟದ್ದು ಒಂದು, ಹುಡುಗ ಸಿಸ್ಟಮ್32ಕ್ಕೆ ಹಾಕಿದ್ದು ಒಂದು, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿದ್ದು ಒಂದು. ಡೌನ್‌ಲೋಡ್ಸಿನದನ್ನು ಆಗಲೇ ಅಳಿಸಿದೆವು. ಸಿಸ್ಟಮ್32ರದನ್ನು ಮಾತ್ರ ಕೂಡಲೇ ಅಳಿಸದೆ, ಹೆಸರಿನ ಕೊನೆಗೆ ಹಳೆಯದು ಎಂಬ ಗುರುತು ಸೇರಿಸಿ ಒಂದು ವಾರ ಬಿಟ್ಟೆವು, ಬೇರಾವ ತಂತ್ರಾಂಶವೂ ದೂರದಿದ್ದುದನ್ನು ನೋಡಿಕೊಂಡು ಮುಂದಿನ ಶನಿವಾರ ಅಳಿಸಿದೆವು.